ರೌನೊನ ಬಲಗೈ

ನಮ್ಮಣ್ಣ ರೌನೊಗೆ ಥರ್ಮಾಮೀಟರ್ ಕಂಡರೆ ಆಗುತ್ತಿರಲಿಲ್ಲ. ಥಂಡರ್ ಬೇ ಊರಿನ ನಮ್ಮ ಕೇರಿಗಳಲ್ಲಿ ಪಾತ್ರೆ ತೊಳೆಯುವ ಯಂತ್ರ ಕೆಟ್ಟರೆ, ಬಟ್ಟೆ ಒಗೆಯುವ ಯಂತ್ರ ನಿಂತರೆ ಜನ ಅವನನ್ನೇ ಕರೆಯುತ್ತಿದ್ದರು. ನೀರು ಕಾಯುತ್ತಿಲ್ಲ ಎಂದು ಯಾರಾದರೂ ಹೇಳಿದರೆ ಸಾಕು, ಅಂಗಿಯ ತೋಳು ಮಡಚಿ ಬಲಗೈಯನ್ನು ಯಂತ್ರದೊಳಗೆ ಇಳಿಬಿಡುತ್ತಿದ್ದ. “ಥರ್ಮಾಮೀಟ್ರು ಜ್ವರ ಬಂದೋರಿಗೆ. ನಂಗೆ ಕೈ ಇದೆ,” ಅನ್ನುತ್ತಿದ್ದ. ನಿಜ ಹೇಳಬೇಕೆಂದರೆ, ಆ ಕೈ ತಪ್ಪು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅದಕ್ಕೆ ತಕ್ಕ ಜಂಬವೂ ಇತ್ತು. ಶನಿವಾರ ಸಂಜೆ ನಮ್ಮ ಹಿತ್ತಲಿನ ಸೌನಾದಲ್ಲಿ ಮನೆಮಂದಿಯೆಲ್ಲ ಹಬೆಗೆ ಕೂರುವಾಗ, ಕಾವು ಹೆಚ್ಚಿರುವ ಮೇಲಿನ ಹಲಗೆ ಅವನಿಗೇ ಆಗಬೇಕು. ಹೋದ ಚಳಿಗಾಲದಲ್ಲಿ ಹೊಸ ರಾಗ ಶುರುವಾಯಿತು. “ಏನ್ರೋ, ಸೌದೆ ಉಳಿಸ್ತಿದ್ದೀರಾ? ಇದೇನು ಸೌನಾನೋ, ತಣ್ಣಗಿರೋ ಚರ್ಚೋ?” ಎನ್ನುತ್ತ ಕಾದ ಕಲ್ಲುಗಳ ಮೇಲೆ ಸೌಟಿನ ಮೇಲೆ ಸೌಟು ನೀರು ಸುರಿಯುತ್ತಿದ್ದ. ನಾವೆಲ್ಲ ಹಬೆಗೆ ಸುಡುವ ಕಿವಿ ಮುಚ್ಚಿಕೊಂಡು ಹೊರಗಿನ ಹಿಮಕ್ಕೆ ಓಡುತ್ತಿದ್ದೆವು. ಒಳಗಿನಿಂದ ಅವನು ನಗುವುದು ಕೇಳಿಸುತ್ತಿತ್ತು. ಈ ವಯಸ್ಸಿನಲ್ಲೂ ಇವನಿಗೆ ಬಡಾಯಿ ಬಿಟ್ಟಿಲ್ಲವಲ್ಲ ಎಂದು ನನಗೆ ಮೈ ಉರಿಯುತ್ತಿತ್ತು.

ಹೆಂಡತಿ ವರ್ನಾ ತೀರಿಕೊಂಡ ಮೇಲೆ ಅವನಿಗೆ ಉಳಿದದ್ದು ಕೆಲಸ ಒಂದೇ. ಸಕ್ಕರೆ ಕಾಯಿಲೆ ಹಳೆಯದು. ಪಾದ ಜೋಮು ಹಿಡಿಯುತ್ತಿದೆ ಎಂದು ವಸಂತದಲ್ಲಿ ಡಾಕ್ಟರಿಗೆ ತೋರಿಸಿದ್ದ. ಇನ್ನು ಕೆಲಸ ಸಾಕು ಎಂದು ಆ ಡಾಕ್ಟರಮ್ಮ ಹೇಳಿದರಂತೆ.

“ಕೆಲಸ ಬಿಟ್ಟು ಏನ್ ಮಾಡ್ಲಿ ಹೆಲ್ಮಿ? ಕಿಟಕೀಲಿ ಕೂತು ಅಳಿಲು ನೋಡ್ಲಾ?” ಎಂದು ನನ್ನನ್ನೇ ಕೇಳಿದ. “ಪಾದ ತಾನೇ ಜೋಮು. ನಾನೇನು ಪಾದದಲ್ಲಿ ಸ್ಕ್ರೂ ಬಿಚ್ತೀನಾ?”

ಅಕ್ಟೋಬರಿನಲ್ಲಿ ನನ್ನ ಮನೆಯ ಪಾತ್ರೆ ಯಂತ್ರ ಕೈಕೊಟ್ಟಿತು. ತಟ್ಟೆಗಳಲ್ಲಿ ಜಿಡ್ಡು ಹಾಗೇ ಇರುತ್ತಿತ್ತು, ಸೋಪಿನ ಪುಡಿ ಕರಗದೆ ಹೆಂಟೆ ಕಟ್ಟುತ್ತಿತ್ತು. ಅಣ್ಣನನ್ನು ಕರೆದೆ. ಬಂದವನೇ ಬೈಗುಳ ಶುರುಮಾಡಿದ.

“ಮೊದ್ಲು ಸಿಂಕಿನ ನಲ್ಲೀಲಿ ಬಿಸಿನೀರು ಬರೋವರೆಗೂ ಬಿಟ್ಟು, ಆಮೇಲೆ ಇದನ್ನ ಹಾಕು ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ. ಪೈಪಲ್ಲಿರೋ ತಣ್ಣೀರೆಲ್ಲ ಇದಕ್ಕೇ ಕುಡಿಸ್ತೀಯ.”

“ಬಿಟ್ಟೇ ಹಾಕಿದ್ದೀನಪ್ಪ. ಬಾಯಿಗಿಂತ ಕೈ ಆಡಿಸು,” ಅಂದೆ.

ಕರೆಂಟಿನ ಮೀಟರ್ ಹಚ್ಚಿ ನೋಡಿದ. ತಳದಲ್ಲಿ ನೀರು ಕಾಯಿಸುವ ಕಂಬಿ ಸುಟ್ಟುಹೋಗಿತ್ತು. ವ್ಯಾನಿನಿಂದ ಹೊಸದು ತಂದು ಕೂರಿಸಿದ. ಯಂತ್ರ ಓಡಿಸಿ, ನಡುವೆ ಬಾಗಿಲು ತೆಗೆದು, ತಳದಲ್ಲಿ ನಿಂತ ನೀರಿಗೆ ಕೈಯಿಟ್ಟ. ಮುಖ ಸಣ್ಣಗಾಯಿತು.

“ಇನ್ನೂ ತಣ್ಣಗೇ ಇದೆ ಕಣೆ.”

ಪಕ್ಕದಲ್ಲಿ ಬಗ್ಗಿದ್ದ ನನಗೆ ಏನೂ ಕಾಣಿಸುತ್ತಿರಲಿಲ್ಲ. ಕನ್ನಡಕದ ತುಂಬ ಹಬೆ. “ಅಣ್ಣ, ನನ್ನ ಕನ್ನಡಕ ನೋಡು,” ಅಂದೆ.

“ಅದು ನಲ್ಲಿಯಿಂದ ಬಂದ ಬಿಸಿ. ಯಂತ್ರ ಕಾಯಿಸ್ತಿಲ್ಲ. ನನಗೆ ಹೇಳಿಕೊಡಬೇಡ.”

ಕಾವು ನೋಡಿಕೊಳ್ಳುವ ಸ್ವಿಚ್ಚೇ ಹಾಳು ಎಂದು ಅದನ್ನೂ ಬದಲಾಯಿಸಿದ. ಈ ಸಲ ಯಂತ್ರ ಕೊನೆಯವರೆಗೂ ಓಡಲಿ ಎಂದ. ನೀರೆಲ್ಲ ಹೊರಹೋಗಿ, ಪಾತ್ರೆ ಒಣಗಿಸಲು ಬರಿಯ ಕಂಬಿ ಕಾಯುವ ಹೊತ್ತು. ಬಾಗಿಲು ತೆಗೆದ. ಕಾವಲಿ ಕಾದಿದೆಯೇ ಎಂದು ನೋಡುವ ಹಾಗೆ ಬೆರಳ ತುದಿಯಿಂದ ಕಂಬಿಯನ್ನು ತಟ್ಟಿದ. ಮತ್ತೊಮ್ಮೆ ತಟ್ಟಿದ. “ಥತ್,” ಎಂದು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

ನನ್ನ ಮೂಗಿಗೆ ವಾಸನೆ ಬಂತು. ಯಾವುದೋ ಪ್ಲಾಸ್ಟಿಕ್ ಡಬ್ಬಿ ಕೆಳಗೆ ಬಿದ್ದು ಕರಗುತ್ತಿದೆ ಎಂದುಕೊಂಡೆ. ಅದು ಪ್ಲಾಸ್ಟಿಕ್ಕಿನ ವಾಸನೆ ಅಲ್ಲ ಎಂದು ಹೊಳೆಯುವಷ್ಟರಲ್ಲಿ ಅವನು ನನ್ನ ಕಡೆ ತಿರುಗಿ ಹೇಳುತ್ತಿದ್ದ: “ನೋಡು, ಸ್ವಲ್ಪಾನೂ ಕಾದಿಲ್ಲ.”

ಮುಂಗೈ ಹಿಡಿದು ಎಳೆದೆ. ಚರ್ಮ ಕಂಬಿಯಲ್ಲೇ ಉಳಿಯಿತು. ಕೈಯನ್ನು ನಲ್ಲಿಯ ಕೆಳಗೆ ಹಿಡಿದು ತಣ್ಣೀರು ಬಿಟ್ಟೆ. ಅವನು ಕದಲಲಿಲ್ಲ. ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ತನ್ನ ಅಂಗೈಯನ್ನು ನೋಡುತ್ತ ನಿಂತಿದ್ದ.

“ನೋವಾಗ್ತಿದೆಯಾ ಅಣ್ಣ?”

“ಇಲ್ಲ,” ಅಂದ. “ಹೋದ ಚಳಿಗಾಲದ ಸೌನಾ... ಕಾದೇ ಇತ್ತು ಅಲ್ವಾ?” ಎಂದು ಕೇಳಿದ.

“ಕಾದೇ ಇತ್ತು.”

ಅವನು ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟ. ವರ್ನಾ ಸತ್ತಾಗಲೂ ಅಳದವನು ಅವತ್ತು ಅತ್ತ. ಅಳಿಲು ನೋಡುತ್ತ ಕೂರುವ ದಿನ ಬಂತು ಎಂದು ಅವನಿಗೂ ಗೊತ್ತಾಗಿತ್ತು, ನನಗೂ ಗೊತ್ತಾಗಿತ್ತು.

ಸಕ್ಕರೆಯ ಮೈ, ಗಾಯ ಮಾಯಲಿಲ್ಲ. ಕ್ರಿಸ್‌ಮಸ್ ಕಳೆದ ಮೇಲೆ ಆಸ್ಪತ್ರೆಯಲ್ಲಿ ಬಲಗೈಯ ಮೂರು ಬೆರಳು ತೆಗೆದರು. ಸಲಕರಣೆಯ ಪೆಟ್ಟಿಗೆ ನಮ್ಮ ಮೆಟ್ಟಿಲಿನ ಕೆಳಗಿದೆ. ಅವನು ಕೇಳುವುದಿಲ್ಲ, ನಾನು ತೆಗೆದುಕೊಡುವುದಿಲ್ಲ. ಆ ಹಾಳು ಯಂತ್ರ ಮಾತ್ರ ಚೆನ್ನಾಗಿ ಓಡುತ್ತಿದೆ. ಅಣ್ಣ ಮಾಡಿದ ರಿಪೇರಿಯಲ್ಲಿ ಏನೂ ತಪ್ಪಿರಲಿಲ್ಲ. ಮೊದಲು ಕಂಬಿ ಬದಲಾಯಿಸಿದಾಗಲೇ ಅದು ಸರಿಹೋಗಿತ್ತು.

ಶನಿವಾರ ಈಗಲೂ ಬರುತ್ತಾನೆ. ಮಕ್ಕಳು ಕೂರುವ ಕೆಳಗಿನ ಹಲಗೆಯಲ್ಲಿ, ಕಲ್ಲುಗಳಿಂದ ದೂರ ಕೂರುತ್ತಾನೆ. ಸೌಟು ಮುಟ್ಟುವುದಿಲ್ಲ. ನಾನು ನೀರು ಸುರಿದಾಗ ಹಬೆ ಏಳುತ್ತದೆ, ಅವನು ಕತ್ತೆತ್ತಿ ನನ್ನ ಮುಖ ನೋಡುತ್ತಾನೆ.

“ಕಾದಿದೆಯಾ ಹೆಲ್ಮಿ?”

“ಕಾದಿದೆ ಅಣ್ಣ,” ಅನ್ನುತ್ತೇನೆ. ನಾನು ಹೇಳಿದ್ದನ್ನು ನಂಬಿ ಅವನು ಸುಮ್ಮನೆ ಕೂರುತ್ತಾನೆ.