ದಾಕ್ಷಿಣ್ಯದಲ್ಲಿ ಕಟ್ಟಿದ ರೇಸು ಕಾರು

ದಾಕ್ಷಿಣ್ಯ ನನ್ನ ಹಳೆಯ ಕಾಯಿಲೆ. ಸಲೂನಿನವನು ಮೀಸೆಯ ಒಂದು ಕಡೆಯನ್ನು ಗಿಡ್ಡ ಮಾಡಿ ಕನ್ನಡಿ ಹಿಡಿದರೆ, ತುಂಬಾ ಚೆನ್ನಾಗಿದೆ ಎಂದು ಹೇಳಿ, ಮನೆಗೆ ಬಂದು ಇನ್ನೊಂದು ಕಡೆಯನ್ನು ನಾನೇ ಕತ್ತರಿಸಿಕೊಳ್ಳುವ ಪೈಕಿಯವನು ನಾನು. ನೆಂಟರ ಮನೆಯಲ್ಲಿ ಉಪ್ಪಿಲ್ಲದ ಸಾರನ್ನು ಎರಡು ಸಲ ಬಡಿಸಿಕೊಂಡು ಉಂಡಿದ್ದೇನೆ. 'ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ' ಎಂಬ ಗಾದೆಯನ್ನು ನಮ್ಮಜ್ಜಿ ನನ್ನೆದುರಿಗೇ ಎಷ್ಟೋ ಸಲ ಹೇಳಿದ್ದಳು. ಗಂಡಸಾದ ನನಗೂ ಅದಕ್ಕೂ ಏನು ಸಂಬಂಧ ಎಂದುಕೊಂಡು ಸುಮ್ಮನಿದ್ದೆ. ಸಂಬಂಧ ತಿಳಿಯುವ ಹೊತ್ತಿಗೆ ಒಂದು ಕಾರು ಹಾಳಾಗಿತ್ತು. ಕಾರು ಹೋದರೆ ಹೋಗಲಿ, ಒಬ್ಬ ಒಳ್ಳೆಯ ಮನುಷ್ಯನ ಹೆಸರೂ ಅದರ ಜೊತೆ ಹೋಯಿತು.

ಹೊಸ ಶತಮಾನ ಆಗತಾನೇ ಹುಟ್ಟಿತ್ತು. ಇಂದಿರಾನಗರದ ನಮ್ಮ ಬೀದಿಯ ಮನೆಗಳು ಒಂದೊಂದಾಗಿ ಆಫೀಸುಗಳಾಗುತ್ತಿದ್ದವು. ಊರೇ ಮುಂದಕ್ಕೆ ಓಡುತ್ತಿದ್ದ ಆ ಕಾಲದಲ್ಲಿ, ನಲವತ್ತೈದು ದಾಟಿದ ನನಗೆ ಹಳೆಯ ಕಾರಿನ ಹುಚ್ಚು ಹತ್ತಿತು. ಕಂಟೋನ್ಮೆಂಟಿನ ಬಂಗಲೆಯೊಂದರ ಹಿತ್ತಲಲ್ಲಿ, ಕೋಳಿಗಳು ಮೊಟ್ಟೆಯಿಡುತ್ತಿದ್ದ ಎರಡು ಬಾಗಿಲಿನ ಕೂಪೆ ಕಾರೊಂದು ಸಿಕ್ಕಿತು. ಬೆನ್ನಿನ ಇಳಿಜಾರು ನೋಡಿದರೆ ಸಾಕು, ಮನಸ್ಸು ಕರಗಬೇಕು. ಅದನ್ನು ಮನೆಯ ಶೆಡ್ಡಿನಲ್ಲೇ ರೇಸು ಕಾರಾಗಿ ಕಟ್ಟಿ, ಹಳೆಯ ಕಾರುಗಳ ರೇಸಿಗೆ ಇಳಿಸುತ್ತೇನೆಂದು ಹೊರಟೆ.

ರೇಸು ಕಾರು ಕಟ್ಟುವುದೆಂದರೆ ಮುಕ್ಕಾಲು ಪಾಲು ಕಳಚುವುದೇ. ಹಿಂದಿನ ಸೀಟು ಹೋಯಿತು, ಪಕ್ಕದ ಸೀಟು ಹೋಯಿತು, ರೇಡಿಯೊ, ನೆಲಹಾಸು, ಕಿಟಕಿಯ ಗಾಜು ಎಲ್ಲವೂ ತೂಕ ಇಳಿಸುವ ನೆಪದಲ್ಲಿ ಶೆಡ್ಡಿನ ಮೂಲೆ ಸೇರಿದವು. ಸನ್ಯಾಸಕ್ಕೆ ಹೊರಟ ಸಂಸಾರಿಯ ಹಾಗೆ ಕಾರು ಬೋಳಾಗಿ ನಿಂತಿತು. ಕಾಫಿ ತಂದ ನನ್ನ ಹೆಂಡತಿ ವನಜ ಒಳಗೆ ಇಣುಕಿ, "ಅಲ್ಲಾ ರೀ, ನಾನೆಲ್ಲಿ ಕೂತ್ಕೊಳ್ಳೋದು?" ಎಂದಳು.

"ರೇಸಲ್ಲಿ ಹೆಂಡತಿ ಕೂರೋ ಹಾಗಿಲ್ಲ ಕಣೆ. ತೂಕ ಇಳಿಸ್ಬೇಕು."

"ಹಾಗಾದ್ರೆ ನಿಮ್ಮ ಹೊಟ್ಟೇನೂ ಬಿಚ್ಚಿಡಿ" ಎಂದು ಲೋಟ ಇಟ್ಟು ಹೋದಳು.

ಕಳಚುವುದು ನನ್ನ ಕೆಲಸವಾದರೆ, ಎಂಜಿನ್ನಿಗೆ ಜೀವ ಕೊಡುವುದು ಬಷೀರ್ ಭಾಯಿಯದು. ಶಿವಾಜಿನಗರದಲ್ಲಿ ಗುಜರಿ ಅಂಗಡಿಗಳ ನಡುವಿನ ಸಂದಿಯೊಂದರಲ್ಲಿ ಅವರ ಗ್ಯಾರೇಜಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಒಳಗೆ ಯಾವ ಭಾಗಕ್ಕೆ ಏನು ನೋವು ಎಂದು ಹೇಳಿಬಿಡುತ್ತಿದ್ದರು. ತಂಬೂರಿಯಲ್ಲಿ ತಂತಿಯ ಕೆಳಗೆ ಒಂದೆಳೆ ದಾರ ಸಿಕ್ಕಿಸುತ್ತಾರೆ; ಅದಕ್ಕೆ ಜೀವಾಳ ಎಂದು ಹೆಸರು. ಅದನ್ನು ಕೂದಲೆಳೆಯಷ್ಟು ಸರಿಸಿದರೆ, ಅಲ್ಲಿಯವರೆಗೆ ಬರೀ ತಂತಿಯಾಗಿದ್ದದ್ದು ನಾದವಾಗುತ್ತದೆ. ಕಾರ್ಬುರೇಟರಿನ ಪುಟ್ಟ ಸ್ಕ್ರೂವನ್ನು ಭಾಯಿ ತಿರುಗಿಸುವಾಗ ನನಗೆ ಅದೇ ನೆನಪಾಗುತ್ತಿತ್ತು.

ಆದರೆ ಅವರ ಗ್ಯಾರೇಜಿಗೆ ಬರುವವರು ಕಡಿಮೆಯಾಗಿದ್ದರು. "ಈಗಿನ ಗಾಡೀಗೆ ಕಂಪ್ಯೂಟರ್ ಸಾರ್, ಕಿವಿ ಯಾರಿಗೆ ಬೇಕು? ಈ ರೇಸಲ್ಲಿ ನಮ್ ಗಾಡಿ ಒಂದ್ಸಲ ಚೆನ್ನಾಗಿ ಓಡ್ಬಿಟ್ರೆ ಹಳೇ ಗಾಡಿಯವ್ರೆಲ್ಲಾ ವಾಪಸ್ ಬರ್ತಾರೆ. ಇಲ್ಲಾಂದ್ರೆ ಶಟರ್ ಎಳೆಯೋದೇ" ಎಂದಿದ್ದರು. ನನಗೆ ಆಟವಾಗಿದ್ದದ್ದು ಅವರಿಗೆ ಅನ್ನ. ಇದು ಗೊತ್ತಿದ್ದೂ ನಾನು ಆಟದವನಾಗಿಯೇ ಉಳಿದೆ.

ಎರಡು ವರ್ಷ, ಭಾನುವಾರ ತಪ್ಪದೆ ಭಾಯಿ ನನ್ನ ಶೆಡ್ಡಿಗೆ ಬಂದರು. ಸ್ಕ್ರೂ ಕಾಲು ಸುತ್ತು ತಿರುಗಿಸಿ ತಲೆಯೆತ್ತಿ ನನ್ನ ಕಡೆ ನೋಡುವರು, ಮತ್ತೆ ಕಾಲು ಸುತ್ತು, ಮತ್ತೆ ನೋಟ. ಉಸ್ತಾದರು ಶಿಷ್ಯನಿಗೆ ವಿದ್ಯೆ ಧಾರೆಯೆರೆಯುವ ರೀತಿ ಇದೇ ಇರಬೇಕೆಂದು ನಾನು ಒಳಗೊಳಗೇ ಉಬ್ಬುತ್ತಿದ್ದೆ.

ರೇಸಿನ ಹಿಂದಿನ ದಿನ ಕೊನೆಯ ಬಾರಿ ಎಂಜಿನ್ ಚಾಲೂ ಮಾಡಿದೆವು. ಸೈಲೆನ್ಸರ್ ತೆಗೆದಿದ್ದರಿಂದ ಬೀದಿಯ ನಾಯಿಗಳೆಲ್ಲ ಓಡಿದವು. ಆ ಅಬ್ಬರದ ಅಡಿಯಲ್ಲಿ ನನಗೆ ಇನ್ನೊಂದು ಸದ್ದು ಕೇಳಿಸಿತು. ಯಾರೋ ಒಳಗಿನಿಂದ ಬಾಗಿಲು ತಟ್ಟಿದ ಹಾಗೆ, ಮಂದವಾಗಿ, ಟಕ್ ಟಕ್ ಟಕ್. ಬೇರಿಂಗ್ ಸವೆದರೆ ಬರುವ ಸದ್ದು ಅದು ಎಂದು ಪುಸ್ತಕದಲ್ಲಿ ಓದಿದ್ದೆ. ಭಾಯಿ ಸ್ಕ್ರೂಡ್ರೈವರನ್ನು ಕಿವಿಗೊತ್ತಿಕೊಂಡು ಶಾಂತವಾಗಿ ನಿಂತಿದ್ದರು. ಆಮೇಲೆ ನನ್ನತ್ತ ನೋಡಿದರು. ಮೂವತ್ತೈದು ವರ್ಷ ಎಂಜಿನ್ನುಗಳಲ್ಲಿ ಪಳಗಿದ ಕಿವಿಗೆ ಕೇಳದ್ದು ನನಗೇನು ಕೇಳುವುದು? ಹೇಳಿದರೆ ಅವರ ಮುಖಕ್ಕೆ ಹೊಡೆದಂತೆ ಆಗುವುದಿಲ್ಲವೇ? ಹುಬ್ಬನ್ನು ಪ್ರಯತ್ನಪಟ್ಟು ಸಡಿಲಿಸಿ, ಹಲ್ಲು ಕಾಣುವ ಹಾಗೆ ನಕ್ಕೆ. ಭಾಯಿಯೂ ನಕ್ಕು, ಬಾನೆಟ್ ಮುಚ್ಚಿದರು.

ಹೊಸಕೋಟೆಯ ಆಚೆ ಒಂದು ಬಯಲಿನಲ್ಲಿ ರೇಸು. ಎರಡು ಸುತ್ತು ನಮ್ಮ ಕಾರು ಓಡಿದ ಚೆಂದವನ್ನು ನಾನು ಹೇಳಿದರೆ ಹೊಟ್ಟೆ ಉರಿದೀತು, ನನ್ನ ಹೊಟ್ಟೆಯೇ. ಮೂರನೆಯ ಸುತ್ತಿನಲ್ಲಿ ಒಂದು ಏಟು ಬಿದ್ದಂತಾಯಿತು. ಸವೆದ ಬೇರಿಂಗು ಕೈಕೊಟ್ಟು, ಅದು ಹಿಡಿದಿದ್ದ ಕನೆಕ್ಟಿಂಗ್ ರಾಡು ಎಂಜಿನ್ನಿನ ಪಕ್ಕೆ ಸೀಳಿಕೊಂಡು ಹೊರಗೆ ಬಂದಿತ್ತು. ನನಗೆ ಗೀರೂ ಆಗಲಿಲ್ಲ. ನೋಡಲು ಬಂದಿದ್ದ ಶಿವಾಜಿನಗರದ ಮೆಕ್ಯಾನಿಕ್‌ಗಳು ಸುತ್ತ ನೆರೆದರು. ಅವರಲ್ಲೊಬ್ಬ, "ಏನ್ ಗುರು, ಇಷ್ಟು ದೊಡ್ಡ ಸೌಂಡು ಭಾಯಿಗೆ ಕೇಳಿಸ್ಲಿಲ್ವಾ?" ಎಂದು ಪಕ್ಕದವನನ್ನು ಕೇಳಿದ. ಆ ಮಾತು ಸೋಮವಾರದ ಹೊತ್ತಿಗೆ ಅವರ ಬೀದಿಯಲ್ಲೆಲ್ಲ ಸುತ್ತಿರುತ್ತದೆ ಎಂದು ನನಗೆ ಅಲ್ಲೇ ಗೊತ್ತಾಯಿತು.

ಟೆಂಪೊಗೆ ಹಗ್ಗ ಕಟ್ಟಿ ಕಾರನ್ನು ಎಳೆಸಿಕೊಂಡು ಹೊರಟೆವು. ನಾನು ಸ್ಟೇರಿಂಗ್ ಹಿಡಿದಿದ್ದೆ. ಸೀಟಿಲ್ಲದ ಜಾಗದಲ್ಲಿ ಭಾಯಿ ಎಣ್ಣೆಯ ಡಬ್ಬ ಬೋರಲು ಹಾಕಿಕೊಂಡು ಕುಳಿತಿದ್ದರು. ಟಿನ್ ಫ್ಯಾಕ್ಟರಿಯ ಹತ್ತಿರ ಎಲ್ಲವೂ ನಿಂತುಹೋಯಿತು. ಬಸ್ಸುಗಳು, ಲಾರಿಗಳು ನಾಲ್ಕೂ ಕಡೆಯಿಂದ ಹಾರನ್ನು ಒತ್ತುತ್ತಿದ್ದವು. ನನ್ನ ತಲೆ ಸಿಡಿಯುತ್ತಿತ್ತು. ಭಾಯಿ ಮಾತ್ರ ರೆಪ್ಪೆ ಕೂಡ ಅಲುಗಿಸದೆ ಕುಳಿತಿದ್ದರು. ನಾನು ನೋಡುವುದನ್ನು ನೋಡಿ ಅವರೇ ಹೇಳಿದರು.

"ಎಡಗಿವಿ ಪೂರ್ತಿ ಹೋಗಿದೆ ಸಾರ್. ಬಲಗಡೆ ಏನೋ ಸ್ವಲ್ಪ. ಎರಡು ವರ್ಷದ ಮೇಲಾಯ್ತು."

"ಮತ್ತೆ ಟ್ಯೂನಿಂಗ್?" ಎಂದು ಕೂಗಿದೆ.

"ನಿಮ್ ಮುಖ ನೋಡ್ಕೊಂಡು ಮಾಡ್ತಿದ್ದೆ. ಸೌಂಡ್ ಸರಿ ಇಲ್ಲಾಂದ್ರೆ ನಿಮ್ ಹುಬ್ಬು ಗಂಟಾಗುತ್ತೆ. ಸರಿಯಾದ್ರೆ ಬಿಟ್ಕೊಳ್ಳುತ್ತೆ. ಬಹಳ ಒಳ್ಳೆ ಕಿವಿ ಸಾರ್ ನಿಮ್ದು. ನಿನ್ನೆ ನೀವು ನಕ್ರಲ್ಲ, ಅದಕ್ಕೇ ಮುಚ್ಬಿಟ್ಟೆ."

ಸುಮ್ಮನಿದ್ದುಬಿಡಬಹುದಿತ್ತು. "ನಂಗೆ ಕೇಳಿಸಿತ್ತು ಭಾಯಿ" ಎಂದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಹಾಗಾಗಿ ಎರಡನೆಯ ಸಲ ಹೇಳಬೇಕಾಗಿ ಬರಲಿಲ್ಲ. ಅವರು ಮುಖವನ್ನು ಮುಂದಿನ ಹಗ್ಗದ ಕಡೆ ತಿರುಗಿಸಿಕೊಂಡರು. ಬೈದಿದ್ದರೆ ಹಗುರಾಗುತ್ತಿತ್ತು. ಮರ್ಯಾದಸ್ಥರು, ಬೈಯಲಿಲ್ಲ.

ಆ ತಿಂಗಳೇ ಶಟರ್ ಎಳೆದರು. ಕಾರು ಬಿಡಿಬಿಡಿಯಾಗಿ ಗುಜರಿ ಸೇರಿತು. ಭಾಯಿ ಅಳಿಯನ ಅಂಗಡಿಯಲ್ಲಿ ಕಾರಿನ ಸೀಟ್ ಕವರ್ ಹೊಲಿಯುತ್ತಿದ್ದಾರೆಂದು ತಿಳಿದ ಮೇಲೂ ಒಂದು ವರ್ಷ ಆ ರಸ್ತೆ ತಪ್ಪಿಸಿ ಓಡಾಡಿದೆ. ಹೇಡಿತನಕ್ಕೆ ದಾಕ್ಷಿಣ್ಯ ಎಂಬ ಒಳ್ಳೆಯ ಹೆಸರಿಟ್ಟು ಸಾಕಿದವನಿಗೆ ಬೇರೆ ದಾರಿಗಳು ಸುಲಭವಾಗಿ ಸಿಗುತ್ತವೆ.

ಕೊನೆಗೊಂದು ದಿನ ಹೋದೆ. ಮಿಷನ್ನಿನ ಮುಂದೆ ಕುಳಿತಿದ್ದ ಭಾಯಿ, ಹೊಲಿದು ಮುಗಿಸಿದ್ದ ಕವರೊಂದನ್ನು ಎತ್ತಿ ನನ್ನ ಮುಂದೆ ಹರಡಿದರು. ಒಂದು ಮೂಲೆಯಲ್ಲಿ ಹೊಲಿಗೆ ಸೊಟ್ಟಗೆ ಹೋಗಿತ್ತು. ಹೊಗಳಿಕೆಯೊಂದು ತಾನಾಗಿಯೇ ನನ್ನ ನಾಲಗೆಯ ತುದಿಗೆ ಬಂದು ಕುಳಿತಿತ್ತು. ಅದನ್ನು ನುಂಗಿಕೊಂಡು, "ಈ ಮೂಲೆ ಸೊಟ್ಟಗಿದೆ ಭಾಯಿ" ಎಂದೆ.

"ಗೊತ್ತು ಸಾರ್. ಹೇಳ್ತೀರೋ ಇಲ್ವೋ ನೋಡೋಣ ಅಂತ ತೋರಿಸ್ದೆ" ಎಂದರು. ಆಮೇಲೆ ಬ್ಲೇಡು ಎತ್ತಿಕೊಂಡು ಆ ಹೊಲಿಗೆ ಬಿಚ್ಚುತ್ತಲೇ, ಕಾಲಿನಿಂದ ಒಂದು ಸ್ಟೂಲನ್ನು ನನ್ನ ಕಡೆ ತಳ್ಳಿದರು.