ಅಕ್ಕೋರ ಬಾಣಂತನ

ಬಲಗೈ ಬೋರ್ಡಿನ ಮೇಲೆ ಭಾಗಾಕಾರ ಬಿಡಿಸುತ್ತಿದ್ದರೂ ಅಕ್ಕೋರ ಎಡಗೈಯ ಎರಡು ಬೆರಳು ಸೀರೆಯ ನೆರಿಗೆಯ ಪಕ್ಕದಲ್ಲಿ ಏನನ್ನೋ ಒತ್ತಿ ನೋಡುತ್ತಿರುತ್ತವೆ. ಲೆಕ್ಕ ಕಲಿಯಲು ಬರುವ ಓಣಿಯ ಮಕ್ಕಳು ಹೊಟ್ಟೆನೋವು ಅಂದುಕೊಂಡಿದ್ದಾರೆ. ಅಷ್ಟರಮಟ್ಟಿಗೆ ಅದು ಖರೆಯೇ.

ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯವರು ಅವರು; ಶಾಲೆಯ ಟೀಚರು, ಹಾಗಾಗಿ ಎಲ್ಲರಿಗೂ ಅಕ್ಕೋರು. ನಾನೂ ಅವರ ಪಡಸಾಲೆಯಲ್ಲಿ ಕೂತೇ ಲೆಕ್ಕ ಕಲಿತವಳು. ಪುಸ್ತಕದ ಹಿಂದಿನ ಪುಟ ನೋಡಿ ಉತ್ತರ ಬರೆದರೆ ಅಡ್ಡಗೀಟು ಬೀಳುತ್ತಿತ್ತು. "ಉತ್ತರ ನನಗ ಬ್ಯಾಡ. ಹೆಂಗ ಬಂತು, ಅದನ್ನ ಹೇಳು" ಅನ್ನುವವರು.

ಅಕ್ಕೋರು ಮದುವೆಯಾಗಿರಲಿಲ್ಲ. ಮೈ ತೆಳ್ಳಗೆ, ಹೊಟ್ಟೆ ಮಾತ್ರ ಮುಂದೆ. ದಿನಾ ಬಸ್ಸು ಹಿಡಿದು ಅಡರಕಟ್ಟಿಯ ಶಾಲೆಗೆ ಹೋಗಬೇಕು. ಒಂದು ದಿನ ನಾನೂ ಅದೇ ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಹೊರಟಿದ್ದೆ. "ಏ, ಬಸರಿ ಹೆಣ್ಮಗಳು ನಿಂತಾರ, ಯಾರರ ಏಳ್ರಿ!" ಎಂದು ಕಂಡಕ್ಟರ್ ಕೂಗಿದ. ಒಬ್ಬ ಅಜ್ಜ ಎದ್ದ. ಅಕ್ಕೋರು ಕೂತು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಹೊಟ್ಟೆ ಮರೆಮಾಡಿದರು. ನನಗೆ ಮೈಯೆಲ್ಲ ಉರಿಯಿತು.

"ಅಲ್ಲ ಅಂತ ಹೇಳಬಾರದೇನ್ರಿ?"

"ಅಲ್ಲ ಅಂದ್ರ, ಹಂಗಾರ ಏನದು ಅಂತ ಕೇಳ್ತಾರವಾ."

ಆ ಕಾಟ ತಪ್ಪಲೆಂದೇ ಅವರು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಹೊಟ್ಟೆಯ ಕೊಬ್ಬು ತೆಗೆಸಿಕೊಂಡರು. ಜೊತೆಗೆ ಹೋದವಳು ನಾನು. ನೇರ ನಮ್ಮ ಮನೆಗೇ ಕರೆತಂದೆ. ಹೊಟ್ಟೆಗೆ ಕಟ್ಟಿದ ಬಿಗಿಯಾದ ಬೆಲ್ಟು ಬಿಚ್ಚಬಾರದಂತೆ, ಬರೀ ಕೊಬ್ಬು ತೆಗೆದದ್ದು ಎಂದು ಅವ್ವನಿಗೆ ಬಿಡಿಸಿ ಹೇಳಿದೆ. ಅವ್ವ ಎಲ್ಲ ಕೇಳಿಸಿಕೊಂಡಳು, ಆಮೇಲೆ ತನಗೆ ತಿಳಿದದ್ದನ್ನೇ ಮಾಡಿದಳು.

"ಹೊಟ್ಟಿ ಖಾಲಿ ಆಗೇತಿಲ್ಲೋ? ಹಂಗಾರ ಬಾಣಂತಿನಽ!"

ನಾನು ಔಷಧಿ ತರಲು ಹೋಗಿ ಬರುವಷ್ಟರಲ್ಲಿ ಬೆಲ್ಟು ಗೂಟಕ್ಕೆ ಹೋಗಿ, ಅವ್ವನ ಮೆತ್ತನೆಯ ಹಳೇ ಸೀರೆ ಅಕ್ಕೋರ ನಡುವಿಗೆ ಬಂದಿತ್ತು. ಕಿವಿಗೆ ಅರಿವೆ, ಮಲಗಿಸಿದ ಹಗ್ಗದ ಹೊರಸಿನ ಕೆಳಗೆ ಕೆಂಡ. ಕೊಬ್ಬು ತೆಗೆಸಿಕೊಂಡು ಬಂದವರ ಕೈಯಲ್ಲಿ ಬಾಣಂತಿಯರಿಗೆ ಕೊಡುವ, ತುಪ್ಪ ಸೋರುವ ಅಂಟಿನುಂಡಿ! ನಾನು ಹಣೆ ಹಣೆ ಬಡಿದುಕೊಂಡೆ. ಅಕ್ಕೋರು ಮಾತ್ರ ಉಂಡಿ ತಿಂದು, ಕಣ್ಣು ಮುಚ್ಚಿ ಬೆನ್ನು ಕಾಸಿಕೊಂಡರು. ಯಾಕೆ ಅಂತ ಒಂದು ಸಲವೂ ಕೇಳಲಿಲ್ಲ.

ಹೊಟ್ಟೆಯೇನೋ ಇಳಿಯಿತು. ಬಾವು ಇಳಿದ ಮೇಲೆ ಚರ್ಮದ ಕೆಳಗೆ ಅವರೆಕಾಳಿನಂಥ ಗಂಟುಗಳು ಕೈಗೆ ಸಿಕ್ಕವು. ಒಂದು ಕಡೆ ಚಿವುಟಿದರೂ ಗೊತ್ತಾಗದು, ಇನ್ನೊಂದು ಕಡೆ ಸೀರೆ ತಾಗಿದರೂ ಉರಿ. ತಿಂಗಳು ಕಳೆದವು, ಗಂಟು ಕರಗಲಿಲ್ಲ. ಹುಬ್ಬಳ್ಳಿಯ ಡಾಕ್ಟರು, ಕೆಲವರಿಗೆ ಹೀಗಾಗುತ್ತದೆ, ಮೆಲ್ಲಗೆ ತಿಕ್ಕಿಕೊಳ್ಳಿ ಅಂದರು. ಗದಗಿನ ಡಾಕ್ಟರು ಸ್ಕ್ಯಾನಿಂಗ್ ನೋಡಿ, ಕೆಟ್ಟ ಗಂಟಲ್ಲ, ಆದರೆ ತಿಕ್ಕಬೇಡಿ ಅಂದರು.

"ಅದಿರ್ಲಿ, ಇವು ಹೆಂಗ ಬಂದ್ವು ಹೇಳ್ರಿ" ಎಂದು ಅಕ್ಕೋರು ಪಟ್ಟು ಹಿಡಿದರು.

"ಹಿಂಗಽ ಅಂತ ಹೇಳಾಕ ಬರೂದಿಲ್ರಿ."

ಆಪರೇಶನ್ನಿನಿಂದಲೋ, ಬೆಲ್ಟು ಬಿಚ್ಚಿದ್ದರಿಂದಲೋ, ಕೆಂಡದಿಂದಲೋ? ನನಗಂತೂ ಇವತ್ತಿಗೂ ತಿಳಿದಿಲ್ಲ, ಯಾರ ಮೇಲೆ ಸಿಟ್ಟಾಗಬೇಕು ಅನ್ನುವುದೂ ತಿಳಿಯದು. ಅವ್ವ ಹಾಸಿಗೆ ಹಿಡಿದಾಗ ಅಕ್ಕೋರ ಕೈ ಹಿಡಿದು ಕೇಳಿದಳು: "ನನ್ನಿಂದ ಆತೇನವಾ?"

"ಗೊತ್ತಿಲ್ರೀ" ಅಂದರು ಅಕ್ಕೋರು. ಸುಳ್ಳು ಸಮಾಧಾನ ಅವರಿಗೆ ಬರುವುದೇ ಇಲ್ಲ. ಅವ್ವನ ಹೊದಿಕೆ ಸರಿಮಾಡುತ್ತ, "ಖರೆ, ಆ ಹೊರಸಿನ ಮ್ಯಾಲ ಮಲಗಿದಂಗ ನಾ ಎಂದೂ ಮಲಗಿಲ್ರೀ" ಅಂದರು. ಅವ್ವ ಅದೇ ವಾರ ತೀರಿಕೊಂಡಳು.

ಈಗ ಬಸ್ಸಿನಲ್ಲಿ ಅಕ್ಕೋರಿಗೆ ಯಾರೂ ಜಾಗ ಬಿಡುವುದಿಲ್ಲ. ಕೂರಲೇಬೇಕು ಅನ್ನುವಷ್ಟು ನೋವಿದ್ದ ದಿನವೂ ಕಂಬಿ ಹಿಡಿದು ನಿಂತಿರುತ್ತಾರೆ. ತೆಗೆಸಿದ್ದು ಛಲೋ ಆತೇನ್ರಿ ಎಂದು ಕೇಳಿದರೆ ಬೆಳಗ್ಗೆ ಹೌದು ಅನ್ನುತ್ತಾರೆ, ಸಂಜೆ ಯಾಕಾದರೂ ಹೋದೆನೋ ಅನ್ನುತ್ತಾರೆ.

ಹೋದ ವರ್ಷ ನನಗೆ ಮಗಳು ಹುಟ್ಟಿದಳು. ತಾಯಿಯಿಲ್ಲದ ತವರಿನಲ್ಲಿ ಬಾಣಂತನ ಮಾಡುವವರು ಯಾರು? ಅಕ್ಕೋರು ಶಾಲೆಗೆ ರಜೆ ಹಾಕಿ ಬಂದರು. ಅಂಟಿನುಂಡಿ ಕಟ್ಟಿದರು, ಅದೇ ಹೊರಸು ಹಾಕಿದರು, ಅವ್ವನ ಅದೇ ಹಳೇ ಸೀರೆ ನನ್ನ ನಡುವಿಗೆ ಸುತ್ತಿದರು. ಕೆಂಡ ಮಾತ್ರ ಇಡಲಿಲ್ಲ. "ಹೆಂಗ ಅಂತ ಗೊತ್ತಾಗೂ ತನಕ ಅದೊಂದು ಬ್ಯಾಡ" ಅಂದರು. ಆ ಋಣ ನಾನು ಹೇಗೆ ತೀರಿಸಲಿ?

ಒಂದು ಮಧ್ಯಾಹ್ನ ಕೂಸು ಅತ್ತು ಅತ್ತು ಕೆಂಪಾಗಿತ್ತು. ಅಕ್ಕೋರು ಗೋಡೆಗೆ ಒರಗಿ ಕೂತು ಅದನ್ನು ತಮ್ಮ ಹೊಟ್ಟೆಯ ಮೇಲೆ ಬೋರಲು ಮಲಗಿಸಿಕೊಂಡರು. ಅಳು ನಿಂತಿತು. ನಿದ್ದೆಗಣ್ಣಿನಲ್ಲೇ ಕೂಸು ಕಾಲು ಝಾಡಿಸಿತು, ಸರಿಯಾಗಿ ಗಂಟಿನ ಮೇಲೆಯೇ. ಅಕ್ಕೋರು ಮುಖ ಕಿವುಚಿದರು.

"ಬ್ಯಾನಿ ಆಗಾಕತ್ತೈತೇನ್ರಿ?"

"ಭಾಳ ಆಗಾಕತ್ತೈತಿ."

"ಮತ್ತ ಕೊಡ್ರಿ ಇತ್ತ."

ಕೊಡಲಿಲ್ಲ. ಇನ್ನಷ್ಟು ಒತ್ತಿ ಹಿಡಿದುಕೊಂಡರು, ಕಣ್ಣಲ್ಲಿ ನೀರು ತುಂಬಿತ್ತು.

"ಯಾಕ್ರೀ ಅಕ್ಕೋರ?"

"ಎಲ್ಲಾದಕ್ಕೂ ಯಾಕ ಅಂತ ಕೇಳಬ್ಯಾಡವಾ" ಅಂದರು.