ನನ್ನ ವಕೀಲನ ಮೇಲೆ ನನ್ನದೇ ದೂರು

ಕೇಳಿದಿರಾ ಗೆಳೆಯರೇ, ಇವತ್ತು ದೊಡ್ಡ ಕೋರ್ಟಿನಲ್ಲಿ ನನ್ನ ಅಪೀಲು ಬಂತು. ನಮ್ಮೂರು ಘೋಡಗೇರಿಯಲ್ಲಿ ಬಾವಿಯ ದಾರಿಗೆ ಮುಳ್ಳುಬೇಲಿ ಹಾಕಿದ ನೆರೆಮನೆಯ ಭೀಮಪ್ಪನ ಮೇಲೆ ನಾನು ಹೂಡಿದ ದಾವೆಯನ್ನು ಕೆಳಗಿನ ಕೋರ್ಟು ವಜಾ ಮಾಡಿತ್ತಲ್ಲ, ಅದರ ಮೇಲೆ. ಹೆಂಡತಿ ತೀರಿಹೋದಮೇಲೆ ಮನೆಗೆ ನೀರು ತರುವವನು ನಾನೇ. ಬೇಲಿ ಬಿದ್ದಂದಿನಿಂದ ಊರು ಸುತ್ತಿ ಹಳ್ಳಕ್ಕೆ ಹೋಗುತ್ತಿದ್ದೆ.

ಜಡ್ಜ್ ಸಾಹೇಬರು ಅರ್ಜಿ ಓದಿ ಕನ್ನಡಕ ತೆಗೆದರು.

“ನನ್ನ ವಕೀಲ ದಡ್ಡ, ಅದಕ್ಕ ಸೋತೇನಿ ಅಂತ ಬರದೀರಲ್ಲ. ಯಾರ್ರೀ ಆ ವಕೀಲ?”

“ನಾನ ರೀ, ಮೈ ಲಾರ್ಡ್. ನನ್ನ ಕೇಸು ನಾನ ನಡಸೇನಿ. ದಡ್ಡ ಅನ್ನೂದು ಖರೆ ಐತಿ, ಬರದೇನಿ. ಪ್ರಮಾಣದಾಗ ಅಂತಾರಲ್ರಿ, ಟ್ರುಥ್, ಹೋಲ್ ಟ್ರುಥ್... ಮುಂದಿಂದು ಮರತೇನ್ರಿ.”

“ಮತ್ತ ಇಲ್ಲಿ ನಿಮ್ಮ ವಕೀಲ ಯಾರು?”

“ಅಂವನ ರೀ.”

ಭೀಮಪ್ಪನ ವಕೀಲರೂ ನಕ್ಕುಬಿಟ್ಟರು. ಸಾಹೇಬರು ಮಾತ್ರ ನಗದೆ ಅಪೀಲು ದಾಖಲಿಸಿಕೊಂಡು, ಬೇಲಿಯನ್ನು ಇವತ್ತೇ ತೆಗೆಯಬೇಕು, ತೀರ್ಪಾಗುವ ತನಕ ಮತ್ತೆ ಹಾಕಬಾರದು ಎಂದರು.

ಸಂಜೆ ಬೇಲಿ ತೆಗೆದ ದಾರಿಯಲ್ಲಿ, ಭೀಮಪ್ಪನ ಕಟ್ಟೆಯ ಮುಂದೆಯೇ, ಬಾವಿಯಿಂದ ಕೊಡ ಹೊತ್ತು ಬಂದೆ. ಗೆದ್ದವರ ಗತ್ತಿನಲ್ಲಿ ನಡೆಯಬೇಕೆಂದಿದ್ದೆ. ತುಂಬಿದ ಕೊಡ ಹೊತ್ತವರಿಗೆ ಅದು ಆಗದ ಮಾತು ಎಂದು ನನ್ನಾಕೆ ಒಂದು ದಿನವೂ ಹೇಳಿರಲಿಲ್ಲ.